ಚಂಡಮಾರುತಕ್ಕೆ ದಾರಿ ಹೇಳಿದ ದಿನಗಳು

ಕಾರ್ತಿಕದಲ್ಲಿ ಹಿಂಡಿ ಹರವಿದ ಪಂಚೆ ಎರಡು ದಿನವಾದರೂ ಒಣಗದೆ, ಮುಟ್ಟಿದರೆ ಮುನಿಸಿಕೊಂಡಂತೆ ತಣ್ಣಗಿದ್ದರೆ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆಯೆಂದು ನಮ್ಮ ಹೊಳೆನರಸೀಪುರದಲ್ಲಿ ಯಾರು ಬೇಕಾದರೂ ಹೇಳುತ್ತಾರೆ. ಇಷ್ಟು ಸುಲಭದ ವಿದ್ಯೆಗೆ ನಾನು ಕಂಪ್ಯೂಟರನ್ನು ನೆಚ್ಚಿದ್ದು ನನ್ನ ಪಾಂಡಿತ್ಯದ ಅಜೀರ್ಣವೆಂದೇ ತಿಳಿಯಿರಿ.

ಎರಡು ಸಾವಿರದ ಇಸವಿಯ ಆಚೀಚೆ, ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ನನಗೆ ಕೃತಕ ಬುದ್ಧಿಮತ್ತೆಯ ಹುಚ್ಚು ಹತ್ತಿತು. ಹಳೆಯ ಚಂಡಮಾರುತಗಳು ನಡೆದ ಹಾದಿಗಳನ್ನೆಲ್ಲ ಹೆಕ್ಕಿ ಕಂಪ್ಯೂಟರಿಗೆ ಉಣಿಸಿ, ಹೊಸದು ಯಾವ ದಡ ಸೇರೀತೆಂದು ಊಹಿಸಲು ಅದಕ್ಕೆ ಕಲಿಸುತ್ತಿದ್ದೆ. ಮಧ್ಯಾಹ್ನದ ಜೊಂಪಿನಲ್ಲಿ, ಪರದೆಯ ಮೇಲೆ ಹಸಿರು ಗೆರೆಯೊಂದು ಮೆಲ್ಲಗೆ ಬಾಗುತ್ತ ಸಾಗುವುದನ್ನು ನೋಡುತ್ತಿದ್ದರೆ, ಹೇಮಾವತಿಯ ದಂಡೆಯ ಈ ಪುಟ್ಟ ಊರಿಗೆ ಕಡಲೇ ನಡೆದು ಬಂದು ಜಗಲಿಯಲ್ಲಿ ಕೂತಂತೆ ಭಾಸವಾಗುತ್ತಿತ್ತು. ಎಂಥ ಸುಖವಪ್ಪಾ ಅದು!

ನಮಗೆ ಹಾಲು ಹಾಕುತ್ತಿದ್ದ ಪುಟ್ಟತಾಯಮ್ಮನಿಗೂ ಸುದ್ದಿ ಮುಟ್ಟಿತು. ಆಕೆಯದು ಒಂದೇ ಎಕರೆ ಹೊಲ. ಮನೆಮಂದಿಯ ವರ್ಷದ ಮುದ್ದೆಯೆಲ್ಲ ಅದರ ರಾಗಿಯಲ್ಲೇ. ಕುಯ್ದ ಮೇಲೆ ನಾಲ್ಕೈದು ದಿನ ತೆನೆಸಮೇತ ಹೊಲದಲ್ಲೇ ಹರವಿ ಒಣಗಿಸಬೇಕು; ಆಗ ಮಳೆ ಹಿಡಿದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದೇ ಅರ್ಥ. ಆ ಸಲ ಕೊಲ್ಲಿಯಲ್ಲೊಂದು ಬಿರುಗಾಳಿ ಎದ್ದಿತ್ತು. ಕುಯ್ಯಲೋ ಬೇಡವೋ ಎಂದು ಆಕೆ ಕೇಳಿದಳು. ರೇಡಿಯೊ ಹೇಳಿದ ನೆಲೆಯನ್ನು ಯಂತ್ರಕ್ಕೆ ತುಂಬಿಸಿ, ಗೆರೆ ನೋಡಿ, ಅದು ಆಂಧ್ರದ ಕಡೆ ಹೋಗುತ್ತದೆ, ಧೈರ್ಯವಾಗಿ ಕುಯ್ಯಬಹುದು ಎಂದೆ.

ಬಿರುಗಾಳಿ ಆಂಧ್ರಕ್ಕೇ ಹೋಯಿತು. ನಾನು ಬೀಗಿದೆ. ಬೀಗುತ್ತಿದ್ದಂತೆಯೇ ಅದರ ಮೋಡದ ಸೆರಗು ನಮ್ಮೂರನ್ನು ಮುಚ್ಚಿ, ಮೂರು ದಿನ ಬಿಡದೆ ಜಡಿಮಳೆ ಹಿಡಿಯಿತು. ಬಿರುಗಾಳಿ ಎಲ್ಲಿ ದಡ ಮುಟ್ಟುತ್ತದೆಂದು ಯಂತ್ರವನ್ನು ಕೇಳಿದ್ದೆನೇ ಹೊರತು, ಪುಟ್ಟತಾಯಮ್ಮನ ಹೊಲದಲ್ಲಿ ಬಿಸಿಲಿರುತ್ತದೆಯೇ ಎಂದು ನಾನು ಕೇಳಿರಲೇ ಇಲ್ಲ.

ನಾಚಿಕೆಯಿಂದ ಕುಗ್ಗಿ ಹೊಲಕ್ಕೆ ಹೋದೆ. ಹರವಿದ ತೆನೆಗಳಲ್ಲಿ ಬಿಳಿ ಮೊಳಕೆ ಇಣುಕಿತ್ತು. ಆಕೆ ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು, ಬೈಯಲಿಲ್ಲ.

“ನೀವೇಳಿದ್ದು ಸುಳ್ಳಾಗ್ನಿಲ್ಲ ಬುಡಿ ಮೇಷ್ಟ್ರೇ, ಗಾಳಿ ಬರ್ನಿಲ್ಲ” ಎಂದಳು.

ಆ ವರ್ಷ ಅವರ ಮನೆಯಲ್ಲಿ ಕೊಂಡು ತಂದ ರಾಗಿಯ ಮುದ್ದೆ. ನಮ್ಮ ಮನೆಗೆ ಹಾಲು ಮಾತ್ರ ತಪ್ಪದೆ ಬಂತು. ಅದನ್ನು ಕುಡಿಯುವಾಗೆಲ್ಲ ನನಗೆ ಸಂಕಟವಾಗುತ್ತಿತ್ತು.

ಮರುವರ್ಷವೂ ಕೊಯ್ಲಿನ ಹೊತ್ತಿಗೆ ಕೊಲ್ಲಿ ಕಲಕಿತು. ಪುಟ್ಟತಾಯಮ್ಮ ಮತ್ತೆ ಬಂದು ನನ್ನನ್ನೇ ಕೇಳಿದಳು. ನಾನು ಯಂತ್ರದ ಮುಂದೆ ಕೂರಲಿಲ್ಲ. ನನಗೆ ಗೊತ್ತಿಲ್ಲ ಪುಟ್ಟತಾಯಮ್ಮ ಎಂದೆ. ಆದರೆ ರಾಗಿ ಒಣಗುವಷ್ಟೂ ದಿನ ನಾನು ಹೊಲದಲ್ಲೇ ಇರುತ್ತೇನೆ, ಹನಿ ಬಿದ್ದರೆ ಕಂತೆ ಹೊರಲು ಒಂದು ಆಳು ಉಂಟೆಂದು ತಿಳಿದುಕೋ ಎಂದೆ.

ಆಕೆ ಆಕಾಶದ ಕಡೆ ಕತ್ತೆತ್ತಲೂ ಇಲ್ಲ.

“ಅಂಗಾದ್ರೆ ನಾಳೀಕೇ ಕುಯ್ತೀನಿ” ಎಂದಳು.