ಕಚ್ಚುವ ಮಗುವಿನ ತಾಯಿ

ಮಗಳು ಮೊದಲ ಸಲ ಕಚ್ಚಿದ್ದು ಒಬ್ಬ ಹುಡುಗನ ಕೆನ್ನೆಯನ್ನು. ಆಗ ಅವಳಿಗೆ ಎರಡು ವರ್ಷ ತುಂಬಿ ಸ್ವಲ್ಪ ದಿನವಾಗಿತ್ತು. ಸದಾಶಿವ ಪೇಠದ ನಮ್ಮ ಮನೆಯ ಹಿಂದಿನ ಓಣಿಯಲ್ಲಿದ್ದ ಶಿಶುವಿಹಾರಕ್ಕೆ ಅವಳನ್ನು ಆಗಷ್ಟೇ ಸೇರಿಸಿದ್ದೆವು. ಸಂಜೆ ಕರೆತರಲು ಹೋದರೆ ಹುಡುಗನ ತಾಯಿ ಬಾಗಿಲಲ್ಲೇ ನಿಂತಿದ್ದರು. ಹೆಗಲಿಗೊರಗಿದ್ದ ಮಗುವಿನ ಕೆನ್ನೆಯ ಮೇಲೆ ಹಲ್ಲಿನ ಗುರುತು ಕೆಂಪಗೆ ಎದ್ದಿತ್ತು.

ಮರಾಠಿಯಲ್ಲಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. ನೀವೇನು ಕೆಲಸ ಮಾಡುತ್ತೀರಿ ಎಂದಷ್ಟೇ ಕೇಳಿದರು.

"ಕಾಲೇಜಿನಲ್ಲಿ ಪಾಠ ಮಾಡ್ತೀನಿ" ಎಂದೆ. ಯಾವ ವಿಷಯ ಎಂದು ಅವರು ಕೇಳುವ ಮೊದಲೇ ಮಗಳನ್ನೆತ್ತಿಕೊಂಡು ಓಣಿಗಿಳಿದುಬಿಟ್ಟೆ.

ನನ್ನ ವಿಷಯ ಮಕ್ಕಳ ಮನೋವಿಜ್ಞಾನ. ಧನಕವಡಿಯ ಕಾಲೇಜೊಂದರಲ್ಲಿ, ಮುಂದೆ ಬಾಲವಾಡಿಗಳಲ್ಲಿ ಕಲಿಸಲಿರುವ ಹುಡುಗಿಯರಿಗೆ ನಾನು ಪಾಠ ಹೇಳುತ್ತೇನೆ. ಗರ್ಭದಲ್ಲಿರುವಾಗಲೇ ಕೂಸು ತಾಯಿಯ ದನಿಗೆ ಕಿವಿಗೊಡುವುದರಿಂದ ಶುರುಮಾಡಿ, ಶಾಲೆಗೆ ಹೋಗುವ ವಯಸ್ಸಿನವರೆಗೆ. ಮಾತು ಸಾಲದ ಮಗು ಹಲ್ಲನ್ನು ಬಳಸುತ್ತದೆ ಎಂದು ಪ್ರತಿ ವರ್ಷವೂ ಹೇಳಿದವಳು ನಾನೇ.

ಆದರೆ ನನ್ನ ಮಗಳಿಗೆ ಮಾತೇನೂ ಕಡಿಮೆಯಿರಲಿಲ್ಲ. ಧಾರವಾಡದ ಕಡೆಯವರಾದ ನಮ್ಮ ಮನೆಯಲ್ಲಿ ಅವಳದು ದಿನವಿಡೀ ವಟವಟ. "ಯಾಕವ್ವಾ ಕಚ್ಚಿದಿ?" ಎಂದು ಕೇಳಿದರೆ ಮಾತ್ರ ಮುಖ ತಿರುಗಿಸುತ್ತಿದ್ದಳು.

"ನೀನ ಮಂದಿಗೆ ಕಲಿಸಾಕಿ. ಒಂದೀಟು ನಮ್ಮ ಕೂಸಿಗೂ ಕಲಿಸು" ಎಂದು ನನ್ನ ಗಂಡ ನಗುತ್ತಲೇ ಅಂದರು. ನನಗೆ ನಗು ಬರಲಿಲ್ಲ.

ಅವಳು ಮತ್ತೆ ಕಚ್ಚಿದಳು. ಒಬ್ಬಳ ತೋಳು, ಇನ್ನೊಬ್ಬನ ಬೆರಳು. ನಾನು ಉಳಿದ ತಾಯಂದಿರೆಲ್ಲ ಹೋದ ಮೇಲೆ ಹೋಗತೊಡಗಿದೆ. ಖಾಲಿ ಕೋಣೆಯಲ್ಲಿ ಅವಳೊಬ್ಬಳೇ ಚಪ್ಪಲಿ ಹಾಕಿಕೊಂಡು ಕೂತಿರುತ್ತಿದ್ದಳು. ಅವಳ ಸಲುವಾಗಿ ನಾಚಿಕೆ, ಹಾಗೆ ನಾಚಿದ್ದಕ್ಕೆ ಮತ್ತೊಂದು ನಾಚಿಕೆ.

ಆ ದಿನಗಳಲ್ಲೇ ನಮ್ಮ ವಿದ್ಯಾರ್ಥಿನಿಯರು ಊರಿನ ಶಿಶುವಿಹಾರಗಳಿಗೆ ಬೆಳಗಿನ ಹೊತ್ತು ಹೋಗಿ ಮಕ್ಕಳನ್ನು ಗಮನಿಸಿ ಬರುತ್ತಿದ್ದರು. ಒಂದು ದಿನ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು, ಸದಾಶಿವ ಪೇಠದಲ್ಲಿ ತಾನು ಹೋಗುವ ಶಿಶುವಿಹಾರದಲ್ಲಿ ಒಂದು ಹೆಣ್ಣುಮಗು ಕಚ್ಚುತ್ತದೆ ಎಂದು ಮರಾಠಿಯಲ್ಲಿ ಹೇಳತೊಡಗಿದಳು.

"ಯಾರಾದರೂ ಆಟಿಕೆ ಕಿತ್ತುಕೊಂಡರೆ ಮೊದಲು 'ಬ್ಯಾಡ್, ಬ್ಯಾಡ್' ಅಂತ ಇಂಗ್ಲಿಷಿನಲ್ಲಿ ಬೈಯುತ್ತೆ, ಮ್ಯಾಡಮ್. ಆಮೇಲೆ ಕಚ್ಚುತ್ತೆ. ಇಷ್ಟು ಚಿಕ್ಕ ಮಗುವಿಗೆ ಎಲ್ಲರೂ ಕೆಟ್ಟವರು ಅಂತ ಮನೆಯಲ್ಲಿ ಅದೇನು ಕಲಿಸಿದ್ದಾರೋ!"

ತರಗತಿ ಗೊಳ್ಳೆಂದಿತು. ನನ್ನ ಕಿವಿಗಳು ಬಿಸಿಯಾದವು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಮಾತನ್ನು ಹಾಗೇ ಬಿಟ್ಟರೆ ನಾಳೆಯೂ ನಗುತ್ತಾರೆ ಅನ್ನಿಸಿತು.

"ಅದು ಇಂಗ್ಲಿಷಲ್ಲ. 'ಬ್ಯಾಡ' ಅಂತ. ನಮ್ಮ ಕನ್ನಡದ ಮಾತು. ನಿಮ್ಮ 'ನಕೋ' ಇದೆಯಲ್ಲ, ಅದೇ" ಎಂದೆ. "ಆ ಮಗು ನನ್ನದು."

ಹುಡುಗಿ ನಿಂತಲ್ಲೇ ಬೆವತಳು. "ಸಾರಿ, ಮ್ಯಾಡಮ್" ಎಂದಳು. ನಾನೂ ಕಣ್ಣೊರೆಸಿಕೊಂಡೆ. ಮಗಳು ಕಚ್ಚುವ ಮೊದಲು ಪ್ರತಿ ಸಲವೂ ಬೇಡ ಎಂದು ಬೇಡಿಕೊಂಡಿದ್ದಳು. ಹೇಳಿದ್ದು ಒಬ್ಬರಿಗೂ ತಿಳಿದಿರಲಿಲ್ಲ. ಅವಳ ಮಾತು ಅಲ್ಲಿಯವರಿಗೆ ತಿಳಿಯುತ್ತದೆಯೇ ಎಂದು ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ.

ಅಂದು ಶಿಶುವಿಹಾರಕ್ಕೆ ಎಲ್ಲರಿಗಿಂತ ಮೊದಲೇ ಹೋಗಿ, ಶಿಕ್ಷಕಿಗೆ ಮಗಳ ಮಾತುಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದೆ. ಮೊದಲ ದಿನದ ಆ ಹುಡುಗನ ತಾಯಿ ಬಂದಾಗ, ಅವತ್ತು ನುಂಗಿಕೊಂಡ ನನ್ನ ವಿಷಯವನ್ನೂ ಹೇಳಿದೆ.

"ಅಯ್ಯೋ, ನಿಮಗೇ ಹೀಗಾದರೆ ನಾವು ಯಾರನ್ನು ಕೇಳೋಣ?" ಎಂದು ಅವರು ನಕ್ಕರು. ಕೊಂಕಿಲ್ಲದೆ ಅಂದ ಮಾತೇ. ಆದರೂ ಮನೆ ಮುಟ್ಟುವವರೆಗೂ ಚುಚ್ಚುತ್ತಿತ್ತು.

ಮಗಳು 'ನಕೋ' ಕಲಿತ ಮೇಲೂ ಒಮ್ಮೆ ಕಚ್ಚಿದಳು. ಅಷ್ಟು ಸಲೀಸಾಗಿ ಬಿಡುವ ಚಟವಲ್ಲ ಅದು. ಮಳೆಗಾಲ ಮುಗಿಯುವ ಹೊತ್ತಿಗೆ ತಾನಾಗಿ ನಿಂತಿತು.

ಈ ವರ್ಷ ಅದೇ ಪಾಠಕ್ಕೆ ಬಂದಾಗ ಹೊಸ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಕಚ್ಚುವ ಮಗುವಿನ ತಾಯಿಗೆ ಏನು ಹೇಳಬೇಕು, ಮ್ಯಾಡಮ್?"

"ಮೊದಲು ಒಳಗೆ ಕರೆದು ಕೂಡಿಸಿ" ಎಂದು ಬೋರ್ಡಿನ ಕಡೆ ತಿರುಗಿದೆ. ಮುಖ ಇನ್ನೂ ಬಿಸಿಯಾಗುತ್ತದೆ.