ಧರ್ಮತಂದೆಯಾಗಲು ಒಲ್ಲದ ಲಿಫ್ಟ್ ಮೇಸ್ತ್ರಿ

ಹೆತ್ತವರು ಅವನಿಗೊಂದು ಒಳ್ಳೆಯ ಹೆಸರನ್ನೇ ಇಟ್ಟಿದ್ದರು. ಅದು ಚರ್ಚಿನ ದಾಖಲೆಯಲ್ಲಿ ಸುಖವಾಗಿ ನಿದ್ದೆ ಮಾಡುತ್ತಿತ್ತು. ಹೊರಗೆಲ್ಲ ಅವನು ಮೇಸ್ತ್ರಿ, ಲಿಫ್ಟ್ ರಿಪೇರಿ ಮೇಸ್ತ್ರಿ. ಎಲ್ಲೇ ಲಿಫ್ಟ್ ಕೈಕೊಟ್ಟರೂ ಇವನು ಚೀಲ ಹೆಗಲಿಗೇರಿಸಿಕೊಂಡು ಬಂದು, ಬಾಗಿಲ ಸಂದಿಗೆ ಬಾಯಿಟ್ಟು, "ಹೆದರಬೇಡಿ, ಬೀಳಲ್ಲ" ಎಂದು ಕೂಗುತ್ತಿದ್ದ. ಒಳಗಿದ್ದವರು ನಂಬುತ್ತಿದ್ದರೋ ಇಲ್ಲವೋ, ಹೊರಗೆ ನಿಂತ ಇವನಂತೂ ಬಹಳ ಧೈರ್ಯವಾಗಿರುತ್ತಿದ್ದ. ಬುದ್ಧಿ ಹೇಳುವ ನಾವೆಲ್ಲ ಸಾಮಾನ್ಯವಾಗಿ ಅಲ್ಲೇ, ಆ ಸಂದಿಯ ಹೊರಗೇ ನಿಂತಿರುತ್ತೇವೆ.

ಇವನಿಗೆ ಇಷ್ಟವಾದ ಪದ 'ಸದ್ಯಕ್ಕೆ'. ತಂಗಿ ಇದ್ದ ಕಟ್ಟಡದ ಲಿಫ್ಟಿನಲ್ಲಿ ಬಾಗಿಲಿನ ಸ್ವಿಚ್ಚು ಸಡಿಲವಾದಾಗ, ಹೊಸದನ್ನು ಹಾಕುವ ಬದಲು ರಟ್ಟಿನ ಚೂರೊಂದನ್ನು ಮಡಚಿ ಒಳಗೆ ತುರುಕಿ, "ಸದ್ಯಕ್ಕೆ ನಡೆಯುತ್ತೆ" ಎಂದಿದ್ದ. ಅದೇ ತಂಗಿ ತನ್ನ ಹಸುಗೂಸಿಗೆ ಚರ್ಚಿನಲ್ಲಿ ನೀರು ಹಾಕಿಸುವ ದೀಕ್ಷಾಸ್ನಾನಕ್ಕೆ ನೀನೇ ಧರ್ಮತಂದೆಯಾಗಿ, ಮಗುವಿನ ಪರವಾಗಿ ಮಾತು ಕೊಡಲು ನಿಲ್ಲಬೇಕು ಎಂದಾಗಲೂ, "ಸದ್ಯಕ್ಕೆ ಏನೂ ಹೇಳಲಾರೆ" ಎಂದು ನುಣುಚಿಕೊಂಡಿದ್ದ. ಹೀಗೇ ದಿನ ತಳ್ಳುತ್ತ ತಳ್ಳುತ್ತ ಶನಿವಾರ ಬಂದುಬಿಟ್ಟಿತು. ದೀಕ್ಷಾಸ್ನಾನ ಭಾನುವಾರ.

ಶನಿವಾರ ಮಧ್ಯಾಹ್ನ ಅವನು ತಂಗಿಯ ಮನೆಗೆ ಹೋಗಿದ್ದೇ ಆಗುವುದಿಲ್ಲ ಎಂದು ಹೇಳಿಬಿಡಲು. ಗೇಟಿನ ಬಳಿಯೇ ತಂಗಿ ಸಿಕ್ಕಿದಳು, ತರಕಾರಿ ಚೀಲ ಇವನ ಕೈಗೆ ಬಂತು, ಇಬ್ಬರೂ ಲಿಫ್ಟ್ ಹತ್ತಿದರು. ನಾಲ್ಕನೆಯ ಮಹಡಿ ದಾಟಿದ ಲಿಫ್ಟು ಒಮ್ಮೆ ಬಿಕ್ಕಳಿಸಿ ನಿಂತಿತು. ಮೇಸ್ತ್ರಿಗೆ ತಾನು ತುರುಕಿದ ರಟ್ಟು ನೆನಪಾಯಿತು.

ಕೆಳಗಿನಿಂದ ವಾಚ್‌ಮನ್ ಕೂಗಿದ: "ಒಳಗಿರೋರು ಹೆದರಬೇಡಿ! ಈಗ್ಲೇ ಮೇಸ್ತ್ರಿಗೆ ಫೋನ್ ಮಾಡ್ತೀನಿ!"

ಮೇಸ್ತ್ರಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಮೇಸ್ತ್ರೀ, ಲಿಫ್ಟ್ ನಿಂತೋಗಿದೆ. ಬೇಗ ಬನ್ನಿ."

"ಬಂದಾಗಿದೆ ಕಣಯ್ಯ. ಒಳಗೇ ಇದ್ದೀನಿ."

ವಾಚ್‌ಮನ್‌ಗೆ ಇದು ಅರಗಲು ಸ್ವಲ್ಪ ಹೊತ್ತು ಹಿಡಿಯಿತು. "ಹಾಗಾದ್ರೆ ನಾನು ಮೇಲೆ ಮಷೀನ್ ರೂಮಿಗೆ ಹೋಗಿ ಲಿಫ್ಟ್ ಇಳಿಸೋ ಚಕ್ರ ತಿರುಗಿಸ್ಲಾ?"

"ಬೇಡ!"

"ಗೊತ್ತು ಬಿಡಿ. ಮೇಸ್ತ್ರಿ ಇಲ್ದೆ ಚಕ್ರ ಮುಟ್ಟಿದ್ರೆ ಕೈ ಮುರೀತೀನಿ ಅಂದೋರು ನೀವೇ ಅಲ್ವಾ? ನಿಮ್ಮ ಜೊತೆ ಕೆಲಸ ಮಾಡ್ತಾರಲ್ಲ, ಅವರನ್ನ ಕರೆಸ್ತೀನಿ. ಊರಾಚೆ ಇದ್ದಾರಂತೆ. ಆರಾಮಾಗಿ ಕೂತಿರಿ."

ಕೂರಲು ಕುರ್ಚಿಯಿರಲಿಲ್ಲ. ತಂಗಿ ಮಾತ್ರ ತರಕಾರಿ ಚೀಲ ಪಕ್ಕಕ್ಕೆ ಸರಿಸಿ ನೆಲದ ಮೇಲೇ ಕುಳಿತಳು, ಇದಕ್ಕೇ ಕಾಯುತ್ತಿದ್ದವಳ ಹಾಗೆ.

"ಈಗ ಹೇಳಣ್ಣ. ನಾಳೆ ಬರ್ತೀಯೋ ಇಲ್ವೋ?"

"ಬರ್ತೀನಲ್ಲ ಪುಟ್ಟಿ. ಹಿಂದಿನ ಬೆಂಚಲ್ಲಿ ಕೂತಿರ್ತೀನಿ."

"ಬೆಂಚು ಕಾಯೋಕೆ ಬೇರೆಯವರಿದ್ದಾರೆ. ಮಗೂನ ಯಾರು ಎತ್ಕೋತಾರೆ?"

"ನಿನ್ನ ಮೈದುನ ಇಲ್ವಾ?"

"ಅವನಾ? ಪಾದ್ರಿ ಸೈತಾನನ್ನ ಬಿಟ್ಟುಬಿಡ್ತೀಯಾ ಅಂದ್ರೂ ಹೂಂ ಅಂತಾನೆ, ಕಾಫಿ ಕುಡೀತೀಯಾ ಅಂದ್ರೂ ಅದೇ ಹೂಂ."

"ನಂಗೆ ಆಗದೆ ಇರೋದೂ ಆ ಹೂಂ ಅನ್ನೋದೇ ಕಣೆ." ಮೇಸ್ತ್ರಿ ಗುಂಡಿಗಳನ್ನೆಲ್ಲ ಒಂದೊಂದಾಗಿ ಒತ್ತಿದ. ಯಾವುದೂ ಕೆಲಸ ಮಾಡದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಎದುರಿನ ಕನ್ನಡಿಯಲ್ಲಿ ಇನ್ನೊಬ್ಬ ಮೇಸ್ತ್ರಿಯೂ ದಾರಿಗಾಗಿ ತಡಕಾಡುತ್ತಿದ್ದ. "ದೇವರನ್ನ ನಂಬ್ತೀಯಾ ಅಂತ ಎಲ್ಲರೆದುರು ಕೇಳ್ತಾರೆ. ಕೈಯಲ್ಲಿ ಮಗೂನ ಹಿಡ್ಕೊಂಡು ಸುಳ್ಳು ಹೇಳ್ಲಾ?"

ಹೇಳಬಾರದೆಂದುಕೊಂಡದ್ದು ಬಾಯಿಂದ ಜಾರಿತ್ತು. ನಾಲ್ಕು ವರ್ಷದ ಹಿಂದೆ ತಂಗಿಯ ಚೊಚ್ಚಲ ಮಗು ಆಸ್ಪತ್ರೆಯಲ್ಲಿ ಉಸಿರಿಗೆ ಕಷ್ಟಪಡುತ್ತಿದ್ದಾಗ, ಇದೇ ಮೇಸ್ತ್ರಿ ಓಡಾಡುವವರ ಕಾಲಡಿಯಲ್ಲಿ ಮಂಡಿಯೂರಿ, ನರ್ಸು ಗದರಿದರೂ ಬಿಡದೆ ಗಟ್ಟಿಯಾಗಿ ಪ್ರಾರ್ಥನೆ ಮಾಡಿದ್ದ. ಎದ್ದು ನಿಂತು, "ಪುಟ್ಟಿ, ಏನೂ ಆಗಲ್ಲ, ನಾನು ಹೇಳಿದ್ದೀನಿ" ಎಂದು ಮಾತೂ ಕೊಟ್ಟಿದ್ದ. ಮಗು ಉಳಿಯಲಿಲ್ಲ. ಅಂದಿನಿಂದ ಅವನು ಚರ್ಚಿಗೆ ಹೋಗುತ್ತಿದ್ದ, ಎಲ್ಲರೂ ಎದ್ದಾಗ ಏಳುತ್ತಿದ್ದ, ಹಾಡಿಗೆ ತುಟಿ ಆಡಿಸುತ್ತಿದ್ದ. ದೇವರೊಂದಿಗೆ ಮಾತ್ರ ಮಾತಿರಲಿಲ್ಲ. ಇದು ಯಾರಿಗೂ ಗೊತ್ತಿಲ್ಲ ಎಂದೇ ಅವನ ಲೆಕ್ಕ.

"ನಂಗೆ ಗೊತ್ತು," ಎಂದಳು ತಂಗಿ. "ಚರ್ಚಲ್ಲಿ ಎಲ್ಲರೂ 'ದೇವರನ್ನ ನಂಬ್ತೀನಿ' ಅಂತ ವಿಶ್ವಾಸ ಪ್ರಮಾಣ ಹೇಳೋವಾಗೆಲ್ಲ ನೀನು ಶೂ ಲೇಸ್ ಕಟ್ಕೊಳ್ಳೋಕೆ ಬಗ್ತೀಯ."

"ಅದು... ಬಿಚ್ಚಿಕೊಳ್ಳುತ್ತೆ ಕಣೆ."

"ನೀನು ಹಾಕೋದು ಚಪ್ಪಲಿ, ಅಣ್ಣ."

ಮೇಸ್ತ್ರಿ ತನ್ನ ಕಾಲು ನೋಡಿಕೊಂಡ. ಅವಳ ಪಕ್ಕದಲ್ಲಿ ಕುಕ್ಕರಿಸಿದ. ತಂಗಿ ಬೀನ್ಸಿನ ನಾರು ಬಿಡಿಸತೊಡಗಿದಳು. ಸುಮ್ಮನೆ ಕೂರುವ ಕೈಗಳಲ್ಲ ಅವು.

"ನಾನೂ ದೇವರ ಜೊತೆ ಮಾತು ಬಿಟ್ಟಿದ್ದೆ. ಆಮೇಲೆ ಬೈಯೋಕೆ ಶುರು ಮಾಡಿದೆ. ಪಾತ್ರೆ ತೊಳೀತಾ ಬೈದೆ, ಬಟ್ಟೆ ಒಣಹಾಕ್ತಾ ಬೈದೆ. ಪಕ್ಕದ ಮನೆಯವಳು ತನ್ನನ್ನೇ ಅಂದ್ಕೊಂಡು ಒಂದು ವಾರ ಮುಖ ಊದಿಸ್ಕೊಂಡಿದ್ಲು. ಬೈದೂ ಬೈದೂ ಒಂದಿನ ಅನ್ನಿಸ್ತು, ಇವನು ಎದ್ದು ಹೋಗಿಲ್ಲ. ಕೇಳಿಸ್ಕೊಳ್ತಾ ಇಲ್ಲೇ ಕೂತಿದ್ದಾನೆ. ಅವನೂ ಮಗನ್ನ ಕಳ್ಕೊಂಡೋನೇ ಅಲ್ವಾ? ಶಿಲುಬೆ ಮೇಲೆ ಅವನ ಮಗ ಕೂಗಿಕೊಂಡಾಗ್ಲೂ ಆಕಾಶದಿಂದ ಒಂದು ಮಾತು ಬರ್ಲಿಲ್ಲ."

"ನಿಂಗೆ ಉತ್ತರ ಸಿಕ್ತಾ?"

"ಇಲ್ಲ."

"ಮತ್ತೆ ಇದನ್ನ ನಂಬಿಕೆ ಅಂತೀಯಾ?"

"ನನ್ನ ಹತ್ರ ಇರೋದು ಇಷ್ಟೇ. ಮಗೂಗೂ ಇದನ್ನೇ ಕೊಡ್ಬೇಕು. ಇವಳಿಗೂ ಒಂದಿನ ದೇವರ ಮೇಲೆ ಸಿಟ್ಟು ಬರುತ್ತೆ, ಆಗ ಹೂಂ ಅನ್ನೋ ಚಿಕ್ಕಪ್ಪನ ಹತ್ರ ಹೋದ್ರೆ ಏನು ಸಿಗುತ್ತೆ? ಅದಕ್ಕೇ ನಿನ್ನನ್ನ ಕೇಳಿದ್ದು." ಅವಳ ದನಿ ತಗ್ಗಿತು. "ನೀನು ಬರದೆ ಇದ್ರೆ ಮಗೂನ ಮೈದುನನ ಕೈಗೇ ಕೊಡ್ತೀನಿ. ಆದ್ರೆ ಇನ್ನೊಂದು ಸಲ ಕೇಳೋಕೆ ನನ್ನಿಂದ ಆಗಲ್ಲ."

ಜೊತೆಗಾರ ಬಂದು ಚಕ್ರ ತಿರುಗಿಸಿ ಬಾಗಿಲು ತೆರೆದಾಗ, ತರಕಾರಿ ಚೀಲ ಹಿಡಿದು ಹೊರಗೆ ಬಂದ ಮೇಸ್ತ್ರಿ 'ಆಗುವುದಿಲ್ಲ' ಎಂಬ ಮಾತನ್ನು ಮತ್ತೆ ಎತ್ತಲಿಲ್ಲ. ಹೊಸ ಸ್ವಿಚ್ಚು ಮಾತ್ರ ಅಂದೇ ಹಾಕಿ ಹೋದ.

ಭಾನುವಾರ ಬೆಳಿಗ್ಗೆ ಅವನು ಹಿಂದಿನ ಬೆಂಚಿನಲ್ಲೇ ಕುಳಿತ. ಧರ್ಮತಂದೆ ಮುಂದೆ ಬರಲಿ ಎಂದು ಪಾದ್ರಿ ಕರೆದಾಗ ತಂಗಿಯ ಮೈದುನ ಒಂದು ಹೆಜ್ಜೆ ಮುಂದಿಟ್ಟ. ತಂಗಿ ಹಿಂದೆ ತಿರುಗಿ ನೋಡಲಿಲ್ಲ. ಮೇಸ್ತ್ರಿ ಎದ್ದು ಬಂದು, ಮಗುವನ್ನು ತಾನೇ ಎತ್ತಿಕೊಂಡ.

ಬಲಕ್ಕೆ ಪಾದ್ರಿ, ಎಡಕ್ಕೆ ತಂಗಿ, ಹಿಂದೆ ಇಡೀ ಸಭೆ, ಎರಡು ಕೈ ತುಂಬ ಮಗು. ಚಪ್ಪಲಿಯ ಕಡೆ ಬಗ್ಗುವಂತೆಯೂ ಇರಲಿಲ್ಲ.

"ನೀವು ದೇವರನ್ನು ನಂಬುತ್ತೀರಾ?" ಪಾದ್ರಿ ಕೇಳಿದರು.

ಮೇಸ್ತ್ರಿ ಮಗುವಿನ ಮುಖ ನೋಡಿದ. ಯಾರೋ ಕೆಮ್ಮಿದರು. ಪಾದ್ರಿ ಅವನಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಕೇಳಿದರು. ಆಗ ಮೇಸ್ತ್ರಿ, ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ, ತುಟಿ ಅಲುಗಿಸದೆ ದೇವರಿಗೆ ಒಂದು ಮಾತು ಹೇಳಿದ: ಆ ಮಗೂನ ಯಾಕೆ ಉಳಿಸ್ಲಿಲ್ಲ? ಕಾದ. ಏನೂ ಬರಲಿಲ್ಲ. ಆದರೆ ಯಾರೂ ಇಲ್ಲದ ಕಡೆ ಕೇಳಿದ ಹಾಗೂ ಅನ್ನಿಸಲಿಲ್ಲ.

"ನಂಬುತ್ತೇನೆ," ಎಂದ. ನೆಮ್ಮದಿಯಾಗುತ್ತದೆಂದು ಕಾದರೆ ಅದೂ ಆಗಲಿಲ್ಲ. ಎದೆಯೊಳಗೆ ನಾಲ್ಕು ವರ್ಷದ ಜಗಳ ಈಗಷ್ಟೇ ಎದ್ದು ಕುಳಿತಿತ್ತು. ಮಗುವಿನ ಹಣೆಗೆ ನೀರು ಬಿತ್ತು. ಮಗು ಚರ್ಚಿನ ಮಾಡು ಹಾರಿಹೋಗುವಂತೆ ಕಿರುಚಿತು. ಮೇಸ್ತ್ರಿ ಅದನ್ನು ಸುಮ್ಮನಾಗಿಸಲಿಲ್ಲ. "ಅಳು, ಅಳು, ಕೇಳಿಸ್ಕೊಳ್ಳಲಿ," ಎನ್ನುತ್ತ ಎದೆಗೆ ಇನ್ನಷ್ಟು ಒತ್ತಿ ಹಿಡಿದುಕೊಂಡ.