ಗೆದ್ದಲು ಹಿಡಿದ ಗೋಡೆ

ಮೊನ್ನೆ ರವಿವಾರ ಪೇಟೆಯಲ್ಲಿ ಯಾರದೋ ಹಳೆಯ ಅಂಗಡಿಯ ಮಣ್ಣಿನ ಗೋಡೆ ಕೆಡವುತ್ತಿದ್ದರು. ಗೆದ್ದಲು ತಿಂದ ಮಣ್ಣಿಗೆ ಒಂದು ವಾಸನೆ ಇದೆ. ತುಸು ಹುಳಿ, ತುಸು ಬೆಚ್ಚಗೆ, ಬಹಳ ದಿನ ಮುಚ್ಚಿಟ್ಟ ಕಾಳಿನ ಕಣಜದಂಥದು. ಅದು ಮೂಗಿಗೆ ಬಡಿದದ್ದೇ ತಡ, ಬೆಲ್ಲ ತೂಗಿಸುತ್ತಿದ್ದ ನಾನು ಚೀಲ ಅಲ್ಲೇ ಬಿಟ್ಟು ರಸ್ತೆಯ ತುದಿಯವರೆಗೆ ನಡೆದುಬಿಟ್ಟಿದ್ದೆ. "ಅಕ್ಕಾರ, ಚೀಲಾ ಬಿಟ್ಟು ಎಲ್ಲಿಗ್ರಿ?" ಎಂದು ಅಂಗಡಿಯವನು ಕೂಗುತ್ತಿದ್ದ. ಹಿಂದವಾಡಿಯ ಮನೆ ಸೇರಿದ ಮೇಲೂ ಆ ವಾಸನೆ ಮೂಗಿನಿಂದ ಹೋಗಲಿಲ್ಲ. ಹೋದ ವರ್ಷದ ಬೇಸಿಗೆಯ ಒಂದು ಕ್ಷಣ ಹೀಗೆ ಕರೆಯದೆ ಬರುತ್ತದೆ. ಅದರ ಬೆನ್ನಿಗೇ, ಅದಕ್ಕಿಂತ ಎಷ್ಟೋ ಹಳೆಯ ಮನೆಯೊಂದು ಬರುತ್ತದೆ.

ಜಾಂಬೋಟಿಯ ಆಚೆ, ಕಾಡಿನ ನಡುವೆ, ಅಜ್ಜನ ಮನೆಯಿತ್ತು. ಬೇಸಿಗೆಯ ರಜೆಯಲ್ಲೆಲ್ಲ ನಾನು ಅಲ್ಲಿಯೇ. ಅಡುಗೆಮನೆಯ ಗೋಡೆಗೆ ಬೆನ್ನು ಹಚ್ಚಿ ಕೂತರೆ ಒಲೆಯ ಬಿಸಿ ಮೆಲ್ಲಗೆ ಮೈಗೆ ಹತ್ತುವಂಥ ಮನೆ ನಿಮಗೂ ಒಂದು ಇದ್ದಿರಬಹುದು. ನಮ್ಮ ಹಿತ್ತಲಿಗೆ, ಹಲಸು ಹಣ್ಣಾದಾಗ, ಕರಡಿ ಬರುತ್ತಿದ್ದವು. ಅವಕ್ಕೆ ಕಣ್ಣು ಮಂದ, ನಾವು ಬರುವುದು ಗೊತ್ತಾದರೆ ತಾವೇ ಸರಿದುಹೋಗುತ್ತವೆ, ಥಟ್ಟನೆ ಎದುರಾದರೆ ಮಾತ್ರ ಮುಖಕ್ಕೇ ಕೈ ಹಾಕುತ್ತವೆ ಎಂದು ಅಜ್ಜ ಹೇಳುತ್ತಿದ್ದ. ಬೆಳಿಗ್ಗೆ ತಂಬಿಗೆ ಹಿಡಿದು ಹೊರಟರೆ, "ಬರಾಕತ್ತೇವ್ರಿ, ಬಾಜು ಸರೀರಿ" ಎಂದು ಮರಗಳಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಒಲೆಯ ಮುಂದೆ ಕೂತ ಚಿಗವ್ವ, ಅಂದರೆ ನಮ್ಮ ಕಾಕಾನ ಹೆಂಡತಿ, ನಗುತ್ತಿದ್ದಳು. "ನೋಡವಾ, ಮಾವಾರು ಕರಡಿಗೆ ರೀ ಅಂತಾರ. ನನಗ ಮಾತ್ರ ಏ ಅಂತಾರ."

"ನೀ ಇನ್ನ ಪರಚಿಲ್ಲಲಾ, ಅದಕ್ಕ," ಎಂದು ಅಜ್ಜ ಹಿತ್ತಲಿನಿಂದಲೇ ಉತ್ತರ ಕೊಡುತ್ತಿದ್ದ.

ಅಜ್ಜ ಹೋದ. ಕಾಡನ್ನು ಪ್ರಾಣಿಗಳಿಗೇ ಬಿಡಬೇಕೆಂದು ಊರನ್ನು ಹೊರಗೆ ಸಾಗಿಸುವ ಮಾತು ಬಂತು. ಕಾಲೇಜು ಓದಿದ್ದ ನಾನು ಅದು ಸರಿ ಎಂದೆ, ಈಗಲೂ ಅನ್ನುತ್ತೇನೆ. ಕಾಕಾ, ಚಿಗವ್ವ ಖಾನಾಪುರಕ್ಕೆ ಬಂದರು. ವರ್ಷಕ್ಕೊಮ್ಮೆ ಊರದೇವರಿಗೆ ಕಾಯಿ ಒಡೆಯಲು ಮಾತ್ರ ಅರಣ್ಯ ಇಲಾಖೆಯ ಗಾರ್ಡ್ ಜೊತೆಗಿದ್ದು ಜೀಪಿನಲ್ಲಿ ಒಳಗೆ ಕರೆದೊಯ್ಯುತ್ತಿದ್ದ. ಕಾಯಿ ಒಡೆದ ಮೇಲೆ ಚಿಗವ್ವ ತನ್ನ ಬಿದ್ದ ಮನೆಗೆ ಹೋಗಿ, ಹೊಸ್ತಿಲಿಗೆ ಕುಂಕುಮ ಹಚ್ಚಿ, ಅಡುಗೆಮನೆಯ ಗೋಡೆಗೆ ಒರಗಿ ಕೂತು ಬರುತ್ತಿದ್ದಳು. ಉಳಿದ ವರ್ಷವೆಲ್ಲ ಆ ಒಂದು ದಿನದ ದಾರಿ ಕಾಯುತ್ತಿದ್ದಳು.

ಹೋದ ವರ್ಷ ನಾನೂ ಜೊತೆಗಿದ್ದೆ. ಕಾಯಿ ಒಡೆದು ಮನೆಯ ಕಡೆ ಹೊರಟಾಗ ದಾರಿಯುದ್ದಕ್ಕೂ ಚಿಗವ್ವ ಅಜ್ಜನ ಹಾಗೆಯೇ ಕೂಗುತ್ತ ಮುಂದೆ ನಡೆದಳು. ಅಂಗಳ ಬಂದದ್ದೇ ಸುಮ್ಮನಾದಳು. ತನ್ನ ಮನೆಯೊಳಗೆ ಕಾಲಿಡುವಾಗ ಯಾರು ಕೂಗಿ ಹೇಳುತ್ತಾರೆ? ಸದ್ದಿಲ್ಲದೆ ಹೊಸ್ತಿಲು ದಾಟಿದಳು. ಒಳಗೆ ಉಳಿದಿದ್ದ ಒಂದೇ ಗೋಡೆಗೆ ಹುತ್ತ ಹಬ್ಬಿತ್ತು. ಅದಕ್ಕೆ ಮೂತಿ ಇಟ್ಟು ಗೆದ್ದಲು ಹೀರುತ್ತಿದ್ದ ಕರಡಿ ತಿರುಗಿ ಎದ್ದು ನಿಂತಿತು. ಅದರ ಬೆನ್ನಿನಿಂದ ಮರಿಯೊಂದು ಜಾರಿ ಬಿತ್ತು. ನಡುವೆ ಒಲೆಗಟ್ಟೆ ಮಾತ್ರ. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಚಿಗವ್ವ, "ಹೊಂಟೇವ್ರಿ, ಹೊಂಟೇವ್ರಿ" ಎಂದು ಮೆಲ್ಲಗೆ ಅನ್ನುತ್ತ ಹಿಂದಕ್ಕೆ ಸರಿದಳು. ಕರಡಿ ಅರಚಿ ನುಗ್ಗಿತು, ಒಲೆಗಟ್ಟೆಗೆ ಪಂಜ ಬಡಿಯಿತು, ಮಣ್ಣು ಹಾರಿತು. ಅಲ್ಲಿಗೆ ನಿಂತಿತು. ಮರಿ ಬೆನ್ನೇರಿದ ಮೇಲೆ ಹಿತ್ತಲಿಗೆ ಇಳಿದುಹೋಯಿತು. ನನ್ನ ತಲೆಯೊಳಗೆ ಮಾತ್ರ ಅದು ಎಷ್ಟೋ ಸಲ ಒಲೆಗಟ್ಟೆ ದಾಟಿಬಿಡುತ್ತದೆ.

ಚಿಗವ್ವ ಅಂಗಳದಲ್ಲಿ ಕುಸಿದು ಕೂತಿದ್ದಳು. ಓಡಿ ಬಂದ ಗಾರ್ಡ್ ಅವಳಿಗೆ ನೀರು ಕೊಟ್ಟ. "ಅವ್ವಾರ, ಈ ಗ್ವಾಡಿ ಕೆಡವಿಬಿಡೂಣ್ರಿ. ಹುತ್ತ ಹೋದ್ರ ಕರಡಿ ಬರೂದಿಲ್ಲ. ಮುಂದಿನ ವರ್ಷ ಅಂಜಿಕಿ ಇಲ್ಲದ ಬಂದು ಕುಂದರ್ರಿ."

ಅವಳು ಗೋಡೆಯ ಕಡೆ ನೋಡಿದಳು. "ಬ್ಯಾಡಪಾ. ಮರಿ ಕಟ್ಟಿಕೊಂಡು ಆಕಿ ಮತ್ತೆಲ್ಲಿ ಅಲೀಬೇಕು? ನಾನ ಬರೂದು ಬಿಡತೀನಿ."

ಈ ವರ್ಷ ಜೀಪು ಬಂದಾಗ ನೆರೆಯವರ ಕೈಯಲ್ಲಿ ಕಾಯಿ ಕಳಿಸಿದಳು. ಅವರು ಮರಳಿ ಬಂದಾಗ ದೇವರ ಪ್ರಸಾದ ತೆಗೆದುಕೊಂಡಳು, ಮನೆಯ ಬಗ್ಗೆ ಕೇಳಲಿಲ್ಲ. ಈಗ ಮಳೆ ಹಿಡಿದಿದೆ. "ಜಾಂಬೋಟಿ ಕಡೆ ಭಾಳ ಜೋರ ಐತಂತ" ಎಂದು ಫೋನಿನಲ್ಲಿ ಹೇಳುತ್ತಾಳೆ. ಸೂರಿಲ್ಲದ ಮಣ್ಣಿನ ಗೋಡೆ ಅಲ್ಲಿಯ ಮಳೆಗೆ ಎಷ್ಟು ದಿನ ತಾಳುತ್ತದೆ ಎಂಬುದು ಇಬ್ಬರಿಗೂ ಗೊತ್ತು. ಆಮೇಲೆ ನಾವು ಬೇರೆ ಏನಾದರೂ ಮಾತಾಡುತ್ತೇವೆ.